ಬೇಸ್‌ಮೆಂಟಿನ ಒಲೆ: ಸರ್ವಿಸ್‌ಗೆ ಬಂದವರು ಏನನ್ನು ಅಳೆಯಬೇಕು?

ಕೆನಡಾದ ಬ್ರಾಂಪ್ಟನ್ನಿನ ಈ ಮನೆಗೆ ಬಂದ ಮೊದಲ ಐದು ವರ್ಷ, ಗ್ಯಾಸ್ ಉರಿಸಿ ಇಡೀ ಮನೆ ಬೆಚ್ಚಗಿಡುವ ಯಂತ್ರವಾದ ಫರ್ನೇಸ್‌ನ ಸರ್ವಿಸ್ ಅಂದರೆ ನನಗೆ ಗೊತ್ತಿದ್ದದ್ದು ಇಷ್ಟೇ. ಅಕ್ಟೋಬರ್‌ನಲ್ಲಿ ಒಬ್ಬರು ಬರುತ್ತಾರೆ. ಬೇಸ್‌ಮೆಂಟಿಗೆ ಇಳಿಯುತ್ತಾರೆ. ವ್ಯಾಕ್ಯೂಮ್ ಸದ್ದು ಕೇಳುತ್ತದೆ. ಇಪ್ಪತ್ತು ನಿಮಿಷಕ್ಕೆ ಮೇಲೆ ಬಂದು ‘ಆಲ್ ಗುಡ್’ ಅಂತ ಹೇಳಿ, ಬಿಲ್ ಕೊಟ್ಟು ಹೋಗುತ್ತಾರೆ. ಅವರೂ ಖುಷಿ, ನಾನೂ ಖುಷಿ.

ಆರನೇ ವರ್ಷದ ಜನವರಿಯಲ್ಲಿ, ಹೊರಗೆ ಮೈನಸ್ 22 ಇದ್ದ ಒಂದು ರಾತ್ರಿ, ಫರ್ನೇಸ್ ನಿಂತುಹೋಯಿತು. ಬೆಳಗಿನ ಜಾವ ಮೂರಕ್ಕೆ ಎದ್ದು ನೋಡಿದರೆ ಮನೆಯೊಳಗೆ 13 ಡಿಗ್ರಿ. ಮಗಳಿಗೆ ಇನ್ನೊಂದು ಕಂಬಳಿ ಹೊದಿಸಿ, ಟಾರ್ಚ್ ಹಿಡಿದು ಕೆಳಗೆ ಹೋಗಿ ಫರ್ನೇಸ್ ಮುಂದೆ ಕೂತೆ. ಸಣ್ಣ ಗಾಜಿನ ಕಿಂಡಿಯಲ್ಲಿ ನೀಲಿ ಬೆಂಕಿ ಹತ್ತುತ್ತಿತ್ತು. ನಾಲ್ಕೈದು ಸೆಕೆಂಡಿಗೆ ಆರುತ್ತಿತ್ತು. ಮತ್ತೆ ಹತ್ತುತ್ತಿತ್ತು, ಮತ್ತೆ ಆರುತ್ತಿತ್ತು. ಹೀಗೆ ಕೆಲವು ಸಲ ಮಾಡಿ ಸುಮ್ಮನಾಯಿತು.

ಬೆಳಿಗ್ಗೆ ಬಂದವರು ಬೇರೆ ಟೆಕ್ನಿಷಿಯನ್. ಒಂದೇ ಸ್ಕ್ರೂ ಬಿಚ್ಚಿ, ಬೆರಳುದ್ದದ ಒಂದು ಕಡ್ಡಿಯನ್ನು ಹೊರಗೆಳೆದು, ಸ್ಟೀಲ್ ಉಲ್ಲನ್‌ನಲ್ಲಿ ಮೆಲ್ಲಗೆ ಉಜ್ಜಿ, ವಾಪಸ್ ಹಾಕಿದರು. ಫರ್ನೇಸ್ ಹತ್ತಿಕೊಂಡಿತು, ಹತ್ತಿಕೊಂಡೇ ಇತ್ತು. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ. ‘ಅಕ್ಟೋಬರ್‌ನಲ್ಲಿ ಸರ್ವಿಸ್ ಮಾಡಿಸಿದ್ದೆನಲ್ಲ’ ಅಂದೆ. ‘ಸರಿ, ಅವತ್ತಿನ ರೀಡಿಂಗ್ ಎಲ್ಲಿ?’ ಅಂತ ಕೇಳಿದರು. ಬಿಲ್ ಹುಡುಕಿ ತೆಗೆದೆ. ಅದರಲ್ಲಿ ದುಡ್ಡಿನ ಅಂಕಿ ಬಿಟ್ಟರೆ ಬೇರೆ ಒಂದೂ ಅಂಕಿ ಇರಲಿಲ್ಲ.

ಅಂದಿನಿಂದ ಈ ಯಂತ್ರದ ಬೆನ್ನು ಹತ್ತಿದೆ. ನಾನು ಗ್ಯಾಸ್ ಟೆಕ್ನಿಷಿಯನ್ ಅಲ್ಲ, ಇದನ್ನು ಓದಿ ನೀವೇ ಸ್ಪ್ಯಾನರ್ ಹಿಡಿಯಿರಿ ಅಂತಲೂ ಹೇಳುತ್ತಿಲ್ಲ. ನಮ್ಮ ಪ್ರಾಂತ್ಯ ಒಂಟಾರಿಯೊದಲ್ಲಿ ಗ್ಯಾಸ್ ಕೆಲಸ ಮಾಡಲು ಇಲ್ಲಿನ ಸುರಕ್ಷತಾ ಪ್ರಾಧಿಕಾರವಾದ ಟಿಎಸ್‌ಎಸ್‌ಎ ಕೊಡುವ ಸರ್ಟಿಫಿಕೇಟ್ ಬೇಕೇ ಬೇಕು. ಆದರೆ ಬಂದವರು ನಿಜವಾಗಿ ಪರೀಕ್ಷೆ ಮಾಡಿದರೋ, ಸುಮ್ನೆ ಧೂಳು ಹೊಡೆದು ಹೋದರೋ ಅಂತ ಮನೆಯವರಿಗೆ ತಿಳಿಯಬೇಕಲ್ವಾ? ಅದಕ್ಕೆ ಈ ಬರಹ.

ಬೆಂಕಿ ಹತ್ತುವ ಮೊದಲು ಎಷ್ಟು ಸಹಿ

ಥರ್ಮೋಸ್ಟ್ಯಾಟ್ ‘ಚಳಿ, ಬಿಸಿ ಬೇಕು’ ಅಂದ ಕೂಡಲೇ ಬೆಂಕಿ ಹತ್ತುವುದಿಲ್ಲ. ನಮ್ಮ ಹಳೇ ಸರಕಾರಿ ಕಚೇರಿಯ ಫೈಲಿನ ಹಾಗೆ. ಒಂದು ಮೇಜಿನಲ್ಲಿ ಸಹಿ ಬಿದ್ದರೆ ಮಾತ್ರ ಮುಂದಿನ ಮೇಜಿಗೆ ಹೋಗುತ್ತದೆ.

ಮೊದಲು ಇಂಡ್ಯೂಸರ್ ಎಂಬ ಚಿಕ್ಕ ಫ್ಯಾನ್ ತಿರುಗಲು ಶುರುವಾಗುತ್ತದೆ. ಹೊಗೆಯನ್ನು ಎಳೆದು ಪೈಪಿನ ಮೂಲಕ ಹೊರಗೆ ಕಳಿಸುವುದು ಇದರ ಕೆಲಸ. ಬೆಂಕಿಯೇ ಇಲ್ಲದಾಗ ಯಾಕೆ ತಿರುಗುತ್ತದೆ ಅಂದರೆ, ಒಳಗೆ ಚೂರುಪಾರು ಗ್ಯಾಸ್ ಉಳಿದಿದ್ದರೆ ಅದನ್ನು ಮೊದಲು ಗುಡಿಸಿ ಹಾಕಲಿಕ್ಕೆ. ಆ ಫ್ಯಾನ್ ನಿಜಕ್ಕೂ ಗಾಳಿ ಎಳೆಯುತ್ತಿದೆಯಾ ಅಂತ ನೋಡಿ ಸಹಿ ಹಾಕುವುದು ಪ್ರೆಷರ್ ಸ್ವಿಚ್. ರಬ್ಬರ್ ನಳಿಕೆ ಸಿಕ್ಕಿಸಿದ ದುಂಡನೆಯ ಬಿಲ್ಲೆ ಅದು. ಹೊರಗಿನ ಪೈಪಿನ ಬಾಯಿಗೆ ಹಿಮ ಮುಚ್ಚಿದ್ದರೆ, ಹಕ್ಕಿ ಗೂಡು ಕಟ್ಟಿದ್ದರೆ, ನಳಿಕೆಯಲ್ಲಿ ನೀರು ನಿಂತಿದ್ದರೆ ಈ ಸ್ವಿಚ್ ಸಹಿ ಹಾಕುವುದಿಲ್ಲ. ಫೈಲ್ ಅಲ್ಲೇ ನಿಲ್ಲುತ್ತದೆ.

ಸಹಿ ಬಿತ್ತು ಅಂದುಕೊಳ್ಳಿ. ಆಗ ಇಗ್ನೈಟರ್ ಕೆಂಡದ ಹಾಗೆ ಕಾಯುತ್ತದೆ. ನಂತರ ಗ್ಯಾಸ್ ವಾಲ್ವ್ ತೆರೆದು, ಸಾಲಾಗಿರುವ ಬರ್ನರ್‌ಗಳಲ್ಲಿ ಬೆಂಕಿ ಒಂದರಿಂದ ಒಂದಕ್ಕೆ ದಾಟುತ್ತದೆ. ಕೊನೆಯ ಬರ್ನರಿನ ತನಕ ಬೆಂಕಿ ತಲುಪಿದೆ ಅಂತ ಸಾಕ್ಷಿ ಹೇಳುವುದು ಫ್ಲೇಮ್ ಸೆನ್ಸರ್. ಕೆಲವೇ ಸೆಕೆಂಡಿನಲ್ಲಿ ಸಾಕ್ಷಿ ಸಿಗದಿದ್ದರೆ ವಾಲ್ವ್ ಮುಚ್ಚಿಬಿಡುತ್ತದೆ. ನಮ್ಮ ಮನೆಯಲ್ಲಿ ಆ ರಾತ್ರಿ ಆದದ್ದು ಇದೇ. ಬೆಂಕಿ ಇತ್ತು, ಸಾಕ್ಷಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ.

ಬೆಂಕಿ ಸ್ಥಿರವಾಗಿ ಹತ್ತಿಕೊಂಡು ಸುಮಾರು ಅರ್ಧ ನಿಮಿಷವಾದ ಮೇಲೆ ಬ್ಲೋವರ್ ಎಂಬ ದೊಡ್ಡ ಫ್ಯಾನ್ ತಿರುಗಿ, ಮನೆಯ ಗಾಳಿಯನ್ನು ಕಾದ ಲೋಹದ ಮೇಲೆ ಹಾಯಿಸಿ ಕೋಣೆಗಳಿಗೆ ಹೋಗುವ ಡಕ್ಟ್‌ಗಳಿಗೆ ತಳ್ಳುತ್ತದೆ. ಆ ಲೋಹದ ಭಾಗವೇ ಹೀಟ್ ಎಕ್ಸ್‌ಚೇಂಜರ್. ಒಳಗಡೆ ಹೊಗೆ, ಹೊರಗಡೆ ನಾವು ಉಸಿರಾಡುವ ಗಾಳಿ, ನಡುವೆ ಒಂದು ತೆಳು ತಗಡು. ಬಿಸಿ ದಾಟಬೇಕು, ಹೊಗೆ ದಾಟಬಾರದು.

ಇವರ ಜೊತೆ ಇನ್ನಿಬ್ಬರು ಕಾವಲುಗಾರರಿದ್ದಾರೆ. ಒಳಗೆ ಅತಿಯಾಗಿ ಕಾದರೆ ಬೆಂಕಿ ಆರಿಸುವುದು ಲಿಮಿಟ್ ಸ್ವಿಚ್. ಬೆಂಕಿ ಒಳಗೆ ಹೋಗುವ ಬದಲು ಬರ್ನರಿನ ಮುಂದಕ್ಕೆ ಚಾಚಿಕೊಂಡರೆ ಗ್ಯಾಸ್ ನಿಲ್ಲಿಸುವುದು ರೋಲ್ಔಟ್ ಸ್ವಿಚ್. ಈ ಎರಡನೆಯದು ಸಾಮಾನ್ಯವಾಗಿ ತಾನಾಗಿ ಸರಿಹೋಗುವುದಿಲ್ಲ. ಕೈಯಿಂದಲೇ ಗುಂಡಿ ಒತ್ತಬೇಕು. ಅದಕ್ಕೂ ಕಾರಣವಿದೆ. ಬೆಂಕಿ ಹೊರಗೆ ಚಾಚಿತು ಅಂದರೆ ಯಾಕೆ ಅಂತ ಒಬ್ಬ ಮನುಷ್ಯ ಬಂದು ನೋಡಲೇಬೇಕು. ಯೂಟ್ಯೂಬ್ ನೋಡಿ ಗುಂಡಿ ಒತ್ತಿ, ‘ಸರಿ ಹೋಯ್ತು’ ಅಂತ ಮಲಗುವವರನ್ನು ಕಂಡರೆ ನನಗೆ ಭಯ.

ಸೇಫ್ಟಿ ಟೆಸ್ಟ್ ಅಂದರೆ ಈ ಕಾವಲುಗಾರರು ಎಚ್ಚರ ಇದ್ದಾರಾ ಅಂತ ಬೇಕೆಂದೇ ಕೆಣಕಿ ನೋಡುವುದು. ಉರಿಯುತ್ತಿರುವಾಗಲೇ ಪ್ರೆಷರ್ ಸ್ವಿಚ್ಚಿನ ನಳಿಕೆ ಕೀಳುತ್ತಾರೆ. ಬೆಂಕಿ ಆರಬೇಕು. ಫ್ಲೇಮ್ ಸೆನ್ಸರಿನ ವೈರ್ ಕಳಚುತ್ತಾರೆ. ಒಂದೆರಡು ಸೆಕೆಂಡಿನಲ್ಲಿ ವಾಲ್ವ್ ‘ಟಕ್’ ಅಂತ ಮುಚ್ಚಬೇಕು. ಬ್ಲೋವರ್ ತಿರುಗದಂತೆ ಮಾಡಿ ಕಾಯುತ್ತಾರೆ. ಲಿಮಿಟ್ ಸ್ವಿಚ್ ಬೆಂಕಿ ಆರಿಸಬೇಕು. ಮುಂದಿನ ಬಾಗಿಲ ತಗಡು ತೆಗೆದರೆ ಇಡೀ ಯಂತ್ರ ನಿಲ್ಲಬೇಕು. ಯಾವುದಾದರೂ ಒಂದು ಹಾಗೆ ಮಾಡದಿದ್ದರೆ, ಆ ಕಾವಲುಗಾರ ನಿದ್ದೆ ಹೋಗಿದ್ದಾನೆ ಅಂತ ಲೆಕ್ಕ.

ನಿದ್ದೆ ಮಾತ್ರವಲ್ಲ, ಕೆಲವು ಸಲ ಅವನನ್ನು ಕಟ್ಟಿಯೇ ಹಾಕಿರುತ್ತಾರೆ. ಸ್ನೇಹಿತರೊಬ್ಬರು ಕೊಂಡ ಹಳೇ ಮನೆಯಲ್ಲಿ ರೋಲ್ಔಟ್ ಸ್ವಿಚ್ಚಿನ ಎರಡು ತುದಿಗಳಿಗೆ ಒಂದು ಗೇಣು ನೀಲಿ ವೈರ್ ಸುತ್ತಿತ್ತು, ಅಂದರೆ ಸ್ವಿಚ್ ತುಂಡರಿಸಿದರೂ ಕರೆಂಟ್ ಆ ವೈರಿನಲ್ಲೇ ಹಾದುಹೋಗುತ್ತಿತ್ತು. ದೋಷ ಎಲ್ಲಿದೆ ಅಂತ ಹುಡುಕುವಾಗ ಹೀಗೆ ತಾತ್ಕಾಲಿಕವಾಗಿ ಜೋಡಿಸುವುದುಂಟು. ಯಾರೋ ಜೋಡಿಸಿದ್ದರು, ತೆಗೆಯಲಿಲ್ಲ. ಫರ್ನೇಸ್ ಚೆನ್ನಾಗೇ ಓಡುತ್ತಿತ್ತು. ಸಮಸ್ಯೆಯೂ ಅದೇ ತಾನೆ?

ಬೆರಳುದ್ದದ ಸಾಕ್ಷಿ

ಫ್ಲೇಮ್ ಸೆನ್ಸರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ನನಗೆ ಈ ಯಂತ್ರದಲ್ಲಿ ತೀರಾ ಇಷ್ಟವಾದ ಭಾಗ ಅದು. ನೋಡಿದರೆ ಪಿಂಗಾಣಿ ಹಿಡಿಗೆ ಸಿಕ್ಕಿಸಿದ ಒಂದು ಲೋಹದ ಕಡ್ಡಿ, ಅಷ್ಟೇ. ಅದು ಬಿಸಿಯನ್ನು ಅಳೆಯುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಳೆಯುವುದಿಲ್ಲ.

ಉರಿಯುವ ಬೆಂಕಿಯೊಳಗೆ ಅಣುಗಳು ಒಡೆದು ವಿದ್ಯುತ್ ಕಣಗಳಾಗಿರುತ್ತವೆ. ಹಾಗಾಗಿ ಬೆಂಕಿ ತುಸು ಮಟ್ಟಿಗೆ ವೈರಿನ ಹಾಗೆ ಕರೆಂಟ್ ಹಾಯಿಸುತ್ತದೆ. ಕಂಟ್ರೋಲ್ ಬೋರ್ಡ್ ಆ ಕಡ್ಡಿಗೆ ಹಿಂದೆ ಮುಂದೆ ಹರಿಯುವ ಎಸಿ ಕರೆಂಟ್ ಕೊಡುತ್ತದೆ. ಕಡ್ಡಿ ಚಿಕ್ಕದು, ಎದುರಿಗಿರುವ ಬರ್ನರಿನ ಲೋಹ ದೊಡ್ಡದು. ಆ ವ್ಯತ್ಯಾಸದಿಂದ ಕರೆಂಟ್ ಒಂದೇ ದಿಕ್ಕಿಗೆ ಹೆಚ್ಚಾಗಿ ಹರಿದು, ಒಂದೇ ದಿಕ್ಕಿನ ಡಿಸಿ ಕರೆಂಟಿನಂತೆ ಕಾಣುತ್ತದೆ. ಎರಡು ವೈರ್ ಎಲ್ಲೋ ತಾಗಿ ಶಾರ್ಟ್ ಆದರೆ ಹೀಗಾಗುವುದಿಲ್ಲ, ಆಗ ಎಸಿ ಎಸಿಯಾಗಿಯೇ ಇರುತ್ತದೆ. ಅಂದರೆ ಈ ಸಾಕ್ಷಿಗೆ ಸುಳ್ಳು ಹೇಳಿಸುವುದು ಕಷ್ಟ. ಬೆಂಕಿ ಇದ್ದರೆ ಮಾತ್ರ ಡಿಸಿ ಬರುತ್ತದೆ. ಎಷ್ಟು ಜಾಣತನ ನೋಡಿ!

ಈ ಕರೆಂಟ್ ಎಷ್ಟಿರುತ್ತದೆ? ಕೆಲವೇ ಮೈಕ್ರೋಆಂಪ್. ಒಂದು ಆಂಪಿಯರ್‌ನ ಹತ್ತು ಲಕ್ಷದ ಒಂದು ಪಾಲು ಒಂದು ಮೈಕ್ರೋಆಂಪ್. ಕಡ್ಡಿಯ ಮೇಲೆ ವರ್ಷಗಟ್ಟಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಗಾಜಿನಂಥ ಪದರ ಕೂರುತ್ತದೆ. ಕರೆಂಟ್ ಇಳಿಯುತ್ತಾ ಹೋಗುತ್ತದೆ. ಇಂತಿಷ್ಟಕ್ಕಿಂತ ಕಡಿಮೆಯಾದರೆ ಬೋರ್ಡ್ ‘ಬೆಂಕಿ ಇಲ್ಲ’ ಅಂತ ತೀರ್ಮಾನಿಸುತ್ತದೆ. ನಮ್ಮದನ್ನು ಉಜ್ಜುವ ಮೊದಲು ಟೆಕ್ನಿಷಿಯನ್ ಮೀಟರನ್ನು ಸಾಲಿನಲ್ಲಿ ಜೋಡಿಸಿ ತೋರಿಸಿದರು. ಅದು 0.4 ಮೈಕ್ರೋಆಂಪ್ ಅಂತ ತೋರಿಸಿತು, ಬೆಂಕಿ ಆರಿಹೋಯಿತು. ಉಜ್ಜಿದ ಮೇಲೆ 3.2. ಅಕ್ಟೋಬರ್‌ನಲ್ಲಿ ಯಾರಾದರೂ ಮೀಟರ್ ಹಿಡಿದಿದ್ದರೆ ಒಂದರ ಆಸುಪಾಸು ಇಳಿದಿದ್ದು ಆಗಲೇ ಕಾಣುತ್ತಿತ್ತು. ವ್ಯಾಕ್ಯೂಮ್ ಹಿಡಿದವರಿಗೆ ಅದು ಕಾಣುವುದಿಲ್ಲ.

ಮೂರೂವರೆ ಇಂಚು ನೀರು

ಗ್ಯಾಸ್ ಒತ್ತಡದ ಲೆಕ್ಕ ಕೇಳಿದರೆ ಮೊದಲು ನಗು ಬರುತ್ತದೆ. ಅದನ್ನು ‘ಇಂಚು ನೀರು’ ಅಂತ ಅಳೆಯುತ್ತಾರೆ. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲಕ್ಕೆ ಬರ್ನರಿನ ಹತ್ತಿರ ಸಾಮಾನ್ಯವಾಗಿ 3.5 ಇಂಚು ನೀರಿನಷ್ಟು ಒತ್ತಡ ಇರಬೇಕು. ಎಳನೀರಿಗೆ ಸ್ಟ್ರಾ ಹಾಕಿ ಮೂರೂವರೆ ಇಂಚು ಮೇಲೆಳೆಯಲು ಎಷ್ಟು ಬಲ ಬೇಕೋ ಅಷ್ಟು. ಇಡೀ ಮನೆ ಬೆಚ್ಚಗಿರುವುದು ಇಷ್ಟು ಮೆಲ್ಲಗಿನ ತಳ್ಳಿನಿಂದ. ಹಳ್ಳಿ ಕಡೆ ಪ್ರೋಪೇನ್ ಟ್ಯಾಂಕ್ ಇರುವ ಮನೆಗಳಲ್ಲಿ ಅದು ಹತ್ತು ಇಂಚಿನ ಆಸುಪಾಸು. ಒಂದರ ಸೆಟ್ಟಿಂಗನ್ನು ಇನ್ನೊಂದಕ್ಕೆ ಬಿಟ್ಟರೆ ಕಥೆ ಮುಗಿದಂತೆ. ಸರಿಯಾದ ಅಂಕಿ ಫರ್ನೇಸಿನ ಒಳಬದಿಯ ಪಟ್ಟಿಯಲ್ಲೇ ಅಚ್ಚಾಗಿರುತ್ತದೆ.

ಒತ್ತಡ ಸರಿಯಿದ್ದರೂ ಉರಿಯುವ ಗ್ಯಾಸಿನ ಪ್ರಮಾಣ ಸರಿಯಿದೆಯಾ ಅಂತ ನೋಡಲು ಒಂದು ಹಳೇ ಉಪಾಯವಿದೆ. ಮನೆಯ ಬೇರೆ ಗ್ಯಾಸ್ ಸಾಮಾನೆಲ್ಲ ಆಫ್ ಮಾಡಿ, ಹೊರಗೆ ಹೋಗಿ, ಗ್ಯಾಸ್ ಮೀಟರಿನ ಮುಳ್ಳು ಒಂದು ಸುತ್ತು ಬರಲು ಎಷ್ಟು ಸೆಕೆಂಡ್ ಹಿಡಿಯುತ್ತದೆ ಅಂತ ನೋಡುವುದು. ಬಿಸಿಯನ್ನು ಇಲ್ಲಿ ಬಿಟಿಯು ಎಂಬ ಮಾನದಲ್ಲಿ ಎಣಿಸುತ್ತಾರೆ, ಒಂದು ಘನ ಅಡಿ ಗ್ಯಾಸ್ ಸುಮಾರು 1000 ಬಿಟಿಯು ಕೊಡುತ್ತದೆ. ಹಾಗಾಗಿ ಗಂಟೆಗೆ 60,000 ಬಿಟಿಯು ಫರ್ನೇಸ್ ನಿಮಿಷಕ್ಕೆ ಒಂದು ಘನ ಅಡಿ ಕುಡಿಯಬೇಕು. ಜಾಸ್ತಿ ಕುಡಿದರೆ ಗಾಳಿ ಸಾಲದೆ ಹೊಗೆ ಕೆಡುತ್ತದೆ.

ಸೋರಿಕೆ ನೋಡಲು ಮೀಟರ್ ಇದೆ, ಆದರೂ ಕೊನೆಗೆ ಜಾಗ ಹಿಡಿದು ತೋರಿಸುವುದು ಸೋಪಿನ ನೊರೆಯೇ, ನಮ್ಮೂರಿನ ಸಿಲಿಂಡರ್ ವಾಷರಿಗೆ ಹಚ್ಚುವ ಹಾಗೆ. ಒಂದು ವ್ಯತ್ಯಾಸ ನೆನಪಿರಲಿ. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲಿ ಹರಡುತ್ತದೆ. ಇಲ್ಲಿನ ಪೈಪ್ ಗ್ಯಾಸ್ ಹಗುರ, ಸೂರಿಗೆ ಏರುತ್ತದೆ. ಎರಡಕ್ಕೂ ವಾಸನೆ ಬೇಕೆಂದೇ ಬೆರೆಸಿದ್ದು. ವಾಸನೆ ಜೋರಾಗಿ ಬಂದರೆ ಲೈಟ್ ಸ್ವಿಚ್ ಕೂಡ ಮುಟ್ಟದೆ ಹೊರಗೆ ಹೋಗಿ, ಅಲ್ಲಿಂದ ಫೋನ್ ಮಾಡಬೇಕು.

ಹೊಗೆ ಹೇಳುವ ಲೆಕ್ಕ

ಈಗ ಮುಖ್ಯ ವಿಷಯ. ಗ್ಯಾಸ್ ಚೆನ್ನಾಗಿ ಉರಿದರೆ ಉಳಿಯುವುದು ಕಾರ್ಬನ್ ಡೈಆಕ್ಸೈಡ್ ಮತ್ತು ನೀರಿನ ಆವಿ. ಒಂದು ಪಾಲು ಗ್ಯಾಸಿಗೆ ಸುಮಾರು ಹತ್ತು ಪಾಲು ಗಾಳಿ ಬೇಕು. ಗಾಳಿ ಕಡಿಮೆಯಾದರೆ, ಅಥವಾ ಬೆಂಕಿ ತಣ್ಣನೆಯ ಲೋಹಕ್ಕೆ ಬಡಿದರೆ, ಉರಿ ಅರ್ಧಂಬರ್ಧವಾಗಿ ಕಾರ್ಬನ್ ಮೋನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ಹೊಟ್ಟೆ ತೊಳೆಸು, ತಲೆಸುತ್ತು. ಫ್ಲೂ ಅಂತ ಮಲಗಿಬಿಡುತ್ತಾರೆ. ಮನೆಯವರಿಗೆಲ್ಲ ಒಟ್ಟಿಗೇ ತಲೆನೋವು ಬಂದು, ಹೊರಗೆ ಹೋದಾಗ ಕಡಿಮೆಯಾದರೆ ಅದು ಫ್ಲೂ ಅಲ್ಲ ಅಂತ ಅನುಮಾನಿಸಬೇಕು. ಬೆಂಗಳೂರಿನಲ್ಲಿ ಕಿಟಕಿಯಿಲ್ಲದ ಬಾತ್‌ರೂಮಿನ ಗ್ಯಾಸ್ ಗೀಸರ್, ಚಳಿಗೆ ಬಾಗಿಲು ಮುಚ್ಚಿ ಇಟ್ಟುಕೊಂಡ ಇದ್ದಿಲ ಅಗ್ಗಿಷ್ಟಿಕೆ, ಇಲ್ಲಿನ ಫರ್ನೇಸ್, ಎಲ್ಲದರಲ್ಲೂ ಕೊಲ್ಲುವುದು ಇದೊಂದೇ.

ಬೆಂಕಿ ನೀಲಿಯಾಗಿದ್ದರೆ ಸಾಕು ಅಂತ ಹಲವರ ನಂಬಿಕೆ. ಹಳದಿ ಬೆಂಕಿ ಕೆಟ್ಟ ಸೂಚನೆ, ನಿಜ. ಆದರೆ ನೀಲಿ ಬೆಂಕಿಯೂ ಮೋನಾಕ್ಸೈಡ್ ಬಿಡಬಲ್ಲದು. ಕಣ್ಣಿಗೆ ಕಾಣದ್ದನ್ನು ಕಣ್ಣಿನಿಂದ ಅಳೆಯಲಾಗದು. ಅದಕ್ಕೆ ಕಂಬಷನ್ ಅನಲೈಸರ್ ಬೇಕು. ಹೊಗೆ ಪೈಪಿನಲ್ಲಿ ಒಂದು ಸಣ್ಣ ತೂತು, ಅದರೊಳಗೆ ಲೋಹದ ನಳಿಕೆ, ಕೈಯಲ್ಲಿ ಮೊಬೈಲ್‌ಗಿಂತ ಸ್ವಲ್ಪ ದಪ್ಪದ ಯಂತ್ರ. ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ, ಎಷ್ಟು ಮೋನಾಕ್ಸೈಡ್ ಇದೆ, ಎಷ್ಟು ಬಿಸಿ ಇದೆ ಅಂತ ಹೇಳುತ್ತದೆ. ಸರ್ವಿಸ್‌ಗೆ ಬಂದವರ ಬ್ಯಾಗಿನಲ್ಲಿ ಇದು ಇಲ್ಲದಿದ್ದರೆ, ಬಂದದ್ದು ಸರ್ವಿಸ್‌ಗೆ ಅಲ್ಲ ಅಂತಲೇ ನನ್ನ ಅಭಿಪ್ರಾಯ.

ಇಲ್ಲೊಂದು ಸೂಕ್ಷ್ಮವಿದೆ. ಹೊಗೆಗೆ ಹೆಚ್ಚುವರಿ ಗಾಳಿ ಸೇರಿದರೆ ಮೋನಾಕ್ಸೈಡ್ ಅಂಕಿ ಕಡಿಮೆ ತೋರಿಸುತ್ತದೆ. ಮಜ್ಜಿಗೆಗೆ ನೀರು ಸುರಿದು ‘ಹುಳಿ ಕಡಿಮೆಯಾಯ್ತು’ ಅಂದ ಹಾಗೆ. ಮೊಸರು ಎಷ್ಟು ಹುಳಿ ಅಂತ ತಿಳಿಯಬೇಕಾದರೆ ಬೆರೆಸಿದ ನೀರಿನ ಲೆಕ್ಕ ಕಳೆಯಬೇಕು. ಇಲ್ಲಿ ಆ ನೀರಿನ ಲೆಕ್ಕ ಹೇಳುವುದು ಉಳಿದ ಆಮ್ಲಜನಕ. ಉದಾಹರಣೆಗೆ ಅನಲೈಸರ್ 50 ಪಿಪಿಎಂ (ಹತ್ತು ಲಕ್ಷ ಪಾಲಿಗೆ 50 ಪಾಲು) ಮೋನಾಕ್ಸೈಡ್, 9 ಶೇಕಡಾ ಆಮ್ಲಜನಕ ತೋರಿಸಿತು ಅನ್ನಿ. ಗಾಳಿಯಲ್ಲಿ ಆಮ್ಲಜನಕ 20.9 ಶೇಕಡಾ. 50ನ್ನು 20.9ರಿಂದ ಗುಣಿಸಿ, 11.9ರಿಂದ ಭಾಗಿಸಿದರೆ ಸುಮಾರು 88. ಇದು ಗಾಳಿ ಕಳೆದ ಅಂಕಿ. ಹೊಸ ಫರ್ನೇಸ್‌ಗಳನ್ನು ಪ್ರಮಾಣೀಕರಿಸುವ ಉತ್ತರ ಅಮೆರಿಕದ ಮಾನದಂಡದಲ್ಲಿ ಈ ಅಂಕಿ 400 ಪಿಪಿಎಂ ದಾಟಬಾರದು. ಆರೋಗ್ಯವಾಗಿರುವ ಫರ್ನೇಸ್ ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ. ಅಂಕಿಗಿಂತಲೂ ಅದರ ನಡೆ ಮುಖ್ಯ. ಶುರುವಿನಲ್ಲಿ ಸ್ವಲ್ಪ ಜಿಗಿದು, ಇಳಿದು, ನಿಂತರೆ ಸರಿ. ಹತ್ತು ನಿಮಿಷವಾದರೂ ಏರುತ್ತಲೇ ಇದ್ದರೆ ಏನೋ ಸರಿಯಿಲ್ಲ.

ಹೀಟ್ ಎಕ್ಸ್‌ಚೇಂಜರ್ ಬಿರುಕು ಬಿಟ್ಟಿದೆಯಾ ಅಂತ ತಿಳಿಯಲೂ ಇದೇ ಯಂತ್ರ ನೆರವಾಗುತ್ತದೆ. ಬ್ಲೋವರ್ ಶುರುವಾಗುವ ಮೊದಲು ಆಮ್ಲಜನಕ ಎಷ್ಟಿತ್ತು, ಶುರುವಾದ ಮೇಲೆ ಎಷ್ಟಾಯಿತು ನೋಡಬೇಕು. ಇಂಡ್ಯೂಸರ್ ಇರುವ ಫರ್ನೇಸ್‌ನಲ್ಲಿ ಬ್ಲೋವರಿನ ಕಡೆ ಒತ್ತಡ ಜಾಸ್ತಿ. ಬಿರುಕಿದ್ದರೆ ಹೊಗೆ ಮನೆಯೊಳಗೆ ಬರುವುದಕ್ಕಿಂತ ಮೊದಲು ಮನೆಯ ಗಾಳಿ ಬೆಂಕಿಯ ಕಡೆ ನುಗ್ಗುತ್ತದೆ. ಬೆಂಕಿ ಅಲುಗುತ್ತದೆ, ಆಮ್ಲಜನಕದ ಅಂಕಿ ಜಿಗಿಯುತ್ತದೆ, ಉರಿ ಕೆಟ್ಟು ಮೋನಾಕ್ಸೈಡ್ ಏರುತ್ತದೆ. ಅನುಮಾನ ಬಂದರೆ ತುದಿಯಲ್ಲಿ ಕ್ಯಾಮೆರಾ ಇರುವ ಕೇಬಲ್ ಒಳಗೆ ಬಿಟ್ಟು ನೋಡುತ್ತಾರೆ.

‘ಎಕ್ಸ್‌ಚೇಂಜರ್ ಒಡೆದಿದೆ, ಇವತ್ತೇ ಹೊಸ ಫರ್ನೇಸ್ ಹಾಕಿಸಿ’ ಅನ್ನುವುದು ಈ ಊರಿನಲ್ಲಿ ಹೆದರಿಸಿ ಮಾರುವವರ ಮೆಚ್ಚಿನ ಮಾತೂ ಹೌದು. ಬಿರುಕು ನಿಜವಾಗಿದ್ದರೆ ಉಡಾಫೆ ಮಾಡಬೇಡಿ. ಆದರೆ ಕ್ಯಾಮೆರಾದಲ್ಲಿ ತೋರಿಸಿ ಅಂತ ಕೇಳಿ, ಅಂಕಿ ಬರೆದುಕೊಡಿ ಅನ್ನಿ, ಗ್ಯಾಸ್ ಆಫ್ ಮಾಡಿಸಿ ಇನ್ನೊಬ್ಬರನ್ನು ಕರೆಸಿ. ಒಂದೆರಡು ದಿನ ಎಲೆಕ್ಟ್ರಿಕ್ ಹೀಟರಿನಲ್ಲಿ ಕಳೆಯಬಹುದು. ಕರೆಯದೆ ಮನೆ ಬಾಗಿಲಿಗೆ ಬಂದು ಫರ್ನೇಸ್, ಹಾಟ್ ವಾಟರ್ ಟ್ಯಾಂಕ್ ಕರಾರು ಮಾಡಿಸಿಕೊಳ್ಳುವುದನ್ನು ಒಂಟಾರಿಯೊ 2018ರ ಮಾರ್ಚ್ 1ರಿಂದ ನಿಷೇಧಿಸಿದೆ. ಬಾಗಿಲು ತಟ್ಟಿದವರಿಗೆ ಬೇಸ್‌ಮೆಂಟ್ ತೋರಿಸುವ ಅಗತ್ಯವೇ ಇಲ್ಲ.

ಒಗ್ಗರಣೆ ಹುಡ್ ಮತ್ತು ಆರು ಹಾಳೆ ಕಾಗದ

ಕೆನಡಾದಲ್ಲಿ 2009ರ ಕೊನೆಯಿಂದ ಮನೆಗಳಿಗೆ ಮಾರುವ ಹೊಸ ಗ್ಯಾಸ್ ಫರ್ನೇಸ್‌ಗಳು ಕನಿಷ್ಠ 90 ಶೇಕಡಾ ದಕ್ಷತೆಯವು ಆಗಿರಬೇಕು ಅಂತ ನಿಯಮ ಬಂತು. 2019ರಲ್ಲಿ ಅದು 95ಕ್ಕೆ ಏರಿತು. ಇಂಥ ಫರ್ನೇಸ್ ಹೊಗೆಯಲ್ಲಿರುವ ಆವಿಯನ್ನೂ ನೀರಾಗಿಸಿ ಅದರ ಬಿಸಿ ಹೀರಿಕೊಳ್ಳುತ್ತದೆ. ಒಂದು ಘನ ಮೀಟರ್ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಲೀಟರ್ ನೀರಾಗುವಷ್ಟು ಆವಿ ಹುಟ್ಟುತ್ತದೆ. ಆ ಹುಳಿ ನೀರು ಚರಂಡಿಗೆ ಹೋಗುವ ದಾರಿ ಕಟ್ಟಿಕೊಂಡರೆ ಪ್ರೆಷರ್ ಸ್ವಿಚ್ ಮುನಿಯುತ್ತದೆ. ಹಾಗಾಗಿ ನೀರಿನ ಟ್ರ್ಯಾಪ್ ತೊಳೆಯುವುದೂ ಸರ್ವಿಸ್‌ನ ಭಾಗ. ಹೊಗೆ ತಣ್ಣಗಿರುವುದರಿಂದ ಪ್ಲಾಸ್ಟಿಕ್ ಪೈಪಿನಲ್ಲೇ, ಪಕ್ಕದ ಗೋಡೆಯಿಂದ ಹೊರಗೆ ಹೋಗುತ್ತದೆ. ದೊಡ್ಡ ಹಿಮ ಬಿದ್ದ ದಿನ ಡ್ರೈವ್‌ವೇಗಿಂತ ಮೊದಲು ನಾನು ಸಲಿಕೆ ಹಿಡಿದು ಹೋಗುವುದು ಹೊಗೆ ಬಿಡುವ, ಗಾಳಿ ಒಳಗೆಳೆಯುವ ಎರಡು ಪೈಪುಗಳ ಹತ್ತಿರ.

ಅಪಾಯ ಕೆಲವೊಮ್ಮೆ ಫರ್ನೇಸ್‌ನಲ್ಲಿ ಅಲ್ಲ, ಅದರ ಪಕ್ಕದಲ್ಲಿರುತ್ತದೆ. ಹಳೇ ಮನೆಗಳಲ್ಲಿ ಫರ್ನೇಸೂ, ಗ್ಯಾಸಿನಲ್ಲೇ ನೀರು ಕಾಯಿಸುವ ಹಾಟ್ ವಾಟರ್ ಟ್ಯಾಂಕೂ ಒಂದೇ ಚಿಮಣಿಗೆ ಹೊಗೆ ಬಿಡುತ್ತಿದ್ದವು. ಹೊಸ ಫರ್ನೇಸ್ ಬಂದು ಗೋಡೆಯ ಪೈಪಿಗೆ ಹೋಯಿತು. ಅಷ್ಟು ದೊಡ್ಡ ಚಿಮಣಿಯಲ್ಲಿ ಒಬ್ಬಂಟಿಯಾಗಿ ಉಳಿದ ಟ್ಯಾಂಕಿನ ಹೊಗೆಗೆ ಚಿಮಣಿ ಕಾಯಿಸುವಷ್ಟು ಶಕ್ತಿಯಿಲ್ಲ. ಹೊಗೆ ಏರದೆ ತೊಳಲಾಡುತ್ತದೆ. ಟ್ಯಾಂಕಿಗೆ ಫ್ಯಾನ್ ಇಲ್ಲ, ಬರೀ ಬಿಸಿ ಹೊಗೆ ಮೇಲೇರುವ ಸ್ವಭಾವವನ್ನೇ ನಂಬಿಕೊಂಡಿದೆ.

ಅದೇ ಹೊತ್ತಿಗೆ ಮೇಲೆ ಅಡುಗೆಮನೆಯಲ್ಲಿ ಒಣಮೆಣಸಿನಕಾಯಿ ಒಗ್ಗರಣೆ. ಘಾಟು ತಡೆಯದೆ, ಒಲೆಯ ಮೇಲಿನ ಗಾಳಿ ಹೊರಗೆಳೆಯುವ ಹುಡ್ ಫುಲ್ ಸ್ಪೀಡ್. ನಮ್ಮವರು ಹುಡ್ ಕೊಳ್ಳುವಾಗ ಕೇಳುವ ಮೊದಲ ಪ್ರಶ್ನೆಯೇ ‘ಎಷ್ಟು ಜೋರು ಎಳೆಯುತ್ತೆ?’ ನಿಮಿಷಕ್ಕೆ 600 ಘನ ಅಡಿ, ಅಂದರೆ ಸುಮಾರು 17 ಘನ ಮೀಟರ್ ಎಳೆಯುವ ಹುಡ್‌ಗಳಿವೆ. ಚಳಿಗಾಲದಲ್ಲಿ ಕಿಟಕಿಯೆಲ್ಲ ಬಿಗಿ. ಹೊರಗೆ ಹೋದ ಅಷ್ಟೂ ಗಾಳಿಗೆ ಬದಲು ಎಲ್ಲಿಂದಲಾದರೂ ಬರಬೇಕಲ್ಲ? ಸುಲಭದ ದಾರಿ ಚಿಮಣಿ. ಗಾಳಿ ಅಲ್ಲಿಂದ ಕೆಳಗಿಳಿಯುತ್ತದೆ, ಟ್ಯಾಂಕಿನ ಹೊಗೆಯನ್ನು ಬೇಸ್‌ಮೆಂಟಿಗೆ ತಳ್ಳಿಕೊಂಡೇ.

ಇದಕ್ಕೆ ಎಷ್ಟು ಒತ್ತಡದ ವ್ಯತ್ಯಾಸ ಸಾಕು? ಇಂಥ ಉಪಕರಣಗಳಿಗೆ ಕೆನಡಾದಲ್ಲಿ ಬಳಸುವ ಮಿತಿ 5 ಪಾಸ್ಕಲ್. ಮಾಮೂಲಿ ಪ್ರಿಂಟರ್ ಕಾಗದದ ಒಂದು ಹಾಳೆ ಮೇಜಿನ ಮೇಲೆ ಸುಮಾರು 0.8 ಪಾಸ್ಕಲ್ ಒತ್ತುತ್ತದೆ. ಆರು ಹಾಳೆಯ ಭಾರ, ಅಷ್ಟೇ.

ಪರೀಕ್ಷೆ ಸರಳ. ಬಾಗಿಲು ಕಿಟಕಿ ಮುಚ್ಚಬೇಕು. ಹುಡ್, ಬಾತ್‌ರೂಮ್ ಫ್ಯಾನ್, ಡ್ರೈಯರ್ ಎಲ್ಲ ಒಟ್ಟಿಗೆ ಹಾಕಬೇಕು. ಟ್ಯಾಂಕ್ ಉರಿಸಬೇಕು. ಟ್ಯಾಂಕಿನ ತಲೆಯ ಮೇಲೆ ಪೈಪ್ ಶುರುವಾಗುವಲ್ಲಿ ತೆರೆದ ಕೊಡೆಯಂಥ ಜಾಗವಿದೆ. ಅಲ್ಲಿ ಹೊಗೆ ಕಡ್ಡಿ ಹಿಡಿದರೆ ಹೊಗೆ ಒಳಗೆ ಹೋಗಬೇಕು. ಕನ್ನಡಿ ಹಿಡಿದರೆ ಮಂಜಾಗಬಾರದು. ಶುರುವಿನಲ್ಲಿ ಸ್ವಲ್ಪ ಹೊತ್ತು ತಡವರಿಸಬಹುದು. ಐದು ನಿಮಿಷವಾದರೂ ಹೊಗೆ ಹೊರಗೇ ಉಕ್ಕುತ್ತಿದ್ದರೆ ಫೇಲ್. ನಮ್ಮ ಮನೆಯಲ್ಲಿ ಟೆಕ್ನಿಷಿಯನ್ ಹೊಗೆ ಕಡ್ಡಿ ಮರೆತು ಬಂದಿದ್ದರು. ದೇವರ ಕೋಣೆಯ ಊದುಕಡ್ಡಿ ಕೊಟ್ಟೆ. ಹುಡ್ ಹಾಕಿದ ಕೂಡಲೇ ಊದುಕಡ್ಡಿಯ ಹೊಗೆ ನೆಟ್ಟಗೆ ನನ್ನ ಮುಖದ ಕಡೆ ತಿರುಗಿತು. ಅಡುಗೆಮನೆ ಕಿಟಕಿಯನ್ನು ಎರಡು ಬೆರಳಷ್ಟು ತೆರೆದು ಬಂದೆ. ಹೊಗೆ ಮೆಲ್ಲಗೆ ವಾಪಸ್ ತಿರುಗಿ ಪೈಪಿನೊಳಗೆ ಹೋಯಿತು. ಕಿಟಕಿ ತಾತ್ಕಾಲಿಕ ಉಪಾಯ ಅಷ್ಟೇ ಅಂದರು. ಮುಂದಿನ ತಿಂಗಳೇ ಫ್ಯಾನ್ ಇರುವ ಟ್ಯಾಂಕ್ ಹಾಕಿಸಿದೆವು.

ಫಿಲ್ಟರ್, ಅಲಾರಂ, ಕಾಗದ

ಫಿಲ್ಟರ್ ಬಗ್ಗೆ ಎಲ್ಲರಿಗೂ ಗೊತ್ತು, ಬೇಗ ಮುಗಿಸುತ್ತೇನೆ. ಕಟ್ಟಿದ ಫಿಲ್ಟರ್ ಬರೀ ಧೂಳಿನ ವಿಷಯವಲ್ಲ. ಗಾಳಿ ಕಡಿಮೆಯಾದರೆ ಎಕ್ಸ್‌ಚೇಂಜರ್ ವಿಪರೀತ ಕಾಯುತ್ತದೆ, ಲಿಮಿಟ್ ಸ್ವಿಚ್ ಪದೇ ಪದೇ ಕೆಲಸ ಮಾಡುತ್ತದೆ, ತಗಡು ದಣಿದು ಬಿರುಕು ಬಿಡುತ್ತದೆ. ಒಳಗೆ ಹೋಗುವ ಗಾಳಿಗೂ ಹೊರಬರುವ ಗಾಳಿಗೂ ಎಷ್ಟು ಡಿಗ್ರಿ ವ್ಯತ್ಯಾಸ ಅಂತ ಅಳೆದರೆ ಇದು ಗೊತ್ತಾಗುತ್ತದೆ. ನಮ್ಮ ಫರ್ನೇಸಿನ ಪಟ್ಟಿಯಲ್ಲಿ 19ರಿಂದ 36 ಸೆಲ್ಸಿಯಸ್ ಅಂತಿದೆ. ಅಲರ್ಜಿಗೆ ಒಳ್ಳೆಯದು ಅಂತ ತೀರಾ ದಟ್ಟವಾದ ಒಂದಿಂಚಿನ ಫಿಲ್ಟರ್ ಹಾಕಿದ್ದಾಗ 38 ಬಂತು. ದಿನಾ ಊದುಕಡ್ಡಿ, ಕರಿದ ತಿಂಡಿ ಇರುವ ನಮ್ಮಂಥ ಮನೆಗಳಲ್ಲಿ ಫಿಲ್ಟರ್ ಪೊಟ್ಟಣದ ಮೇಲೆ ಬರೆದ ಮೂರು ತಿಂಗಳ ತನಕ ಬಾಳುವುದೂ ಇಲ್ಲ.

ಮೋನಾಕ್ಸೈಡ್ ಅಲಾರಂ ಇದೆಯಲ್ಲ ಅಂತ ನೆಮ್ಮದಿಯಾಗಿ ಇರುವವರು ಅದರ ಲೆಕ್ಕವನ್ನೂ ತಿಳಿದಿರಬೇಕು. ಮಾನದಂಡದ ಪ್ರಕಾರ 70 ಪಿಪಿಎಂ ಇದ್ದರೆ ಅದು ಕೂಗುವುದು ಒಂದು ಗಂಟೆಯಿಂದ ನಾಲ್ಕು ಗಂಟೆಯ ಒಳಗೆ. 150 ಇದ್ದರೆ 10ರಿಂದ 50 ನಿಮಿಷ. 400 ಇದ್ದರೆ 4ರಿಂದ 15 ನಿಮಿಷ. 30 ಪಿಪಿಎಂ ಇದ್ದರೆ ದಿನಗಟ್ಟಲೆ ಸುಮ್ಮನಿರುತ್ತದೆ. ಅದು ಜೀವ ಉಳಿಸುವ ಕೊನೆಯ ಬಾಗಿಲು. ಫರ್ನೇಸ್ ಆರೋಗ್ಯ ಹೇಳುವ ಯಂತ್ರವಲ್ಲ. ಹಾಗಂತ ಇಲ್ಲದೆ ಇರುವಂತಿಲ್ಲ. 2008ರ ಡಿಸೆಂಬರ್‌ನಲ್ಲಿ ಒಂಟಾರಿಯೊದ ವುಡ್‌ಸ್ಟಾಕ್‌ನಲ್ಲಿ ಗ್ಯಾಸ್ ಫೈರ್‌ಪ್ಲೇಸಿನ ಹೊಗೆ ದಾರಿ ಕಟ್ಟಿಕೊಂಡು ಒಂದೇ ಮನೆಯ ಅಪ್ಪ, ಅಮ್ಮ, ಇಬ್ಬರು ಮಕ್ಕಳು ತೀರಿಕೊಂಡರು. ಮನೆಯಲ್ಲಿ ಅಲಾರಂ ಇರಲಿಲ್ಲ. ಆ ಕುಟುಂಬದ ಹೆಸರಿನಲ್ಲೇ 2013ರಲ್ಲಿ ಹಾಕಿನ್ಸ್ ಗಿನ್ಯಾಕ್ ಕಾಯ್ದೆ ಬಂತು. 2014ರ ಅಕ್ಟೋಬರ್ 15ರಿಂದ ಗ್ಯಾಸ್ ಉಪಕರಣ ಇರುವ ಮನೆಗಳಲ್ಲಿ ಮಲಗುವ ಕೋಣೆಗಳ ಹತ್ತಿರ ಅಲಾರಂ ಕಡ್ಡಾಯವಾಯಿತು.

ಸರ್ವಿಸ್ ವೇಳೆ ಟೆಕ್ನಿಷಿಯನ್‌ಗೆ ಅಪಾಯ ಕಂಡರೆ ಕೆಂಪು ಟ್ಯಾಗ್ ಕಟ್ಟುತ್ತಾರೆ. ತಕ್ಷಣದ ಅಪಾಯವಾದರೆ ಗ್ಯಾಸ್ ಅಲ್ಲೇ ಬಂದ್. ಅಷ್ಟಲ್ಲದಿದ್ದರೆ ಸರಿಮಾಡಿಸಲು ಗಡುವು ಕೊಡುತ್ತಾರೆ. ಅವರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ, ಅದು ಅವರ ಕರ್ತವ್ಯ. ಹಾಗೆ ಟ್ಯಾಗ್ ಕಟ್ಟಿ, ಜೊತೆಗೇ ಹೊಸ ಫರ್ನೇಸಿನ ಕರಾರು ಮುಂದಿಟ್ಟರೆ ಮಾತ್ರ ಸ್ವಲ್ಪ ನಿಧಾನಿಸಿ.

ನಾನೀಗ ಫೋನಿನಲ್ಲಿ ಬುಕ್ ಮಾಡುವಾಗಲೇ ಕೇಳುತ್ತೇನೆ: ಅನಲೈಸರ್ ತರುತ್ತೀರಾ, ರೀಡಿಂಗ್ ಬರೆದುಕೊಡುತ್ತೀರಾ? ‘ಅದೆಲ್ಲ ಬೇಕಾಗಲ್ಲ’ ಅಂದರೆ ಥ್ಯಾಂಕ್ಸ್ ಹೇಳಿ ಇಡುತ್ತೇನೆ. ಫರ್ನೇಸ್ ಬಾಗಿಲಿನ ಒಳಬದಿಗೆ ಒಂದು ಹಾಳೆ ಅಂಟಿಸಿದ್ದೇನೆ. ಕಳೆದ ಅಕ್ಟೋಬರ್‌ನ ಸಾಲು ಹೀಗಿದೆ: ಗ್ಯಾಸ್ ಒತ್ತಡ 3.5, ಫ್ಲೇಮ್ 2.9, ಆಮ್ಲಜನಕ 8.1, ಮೋನಾಕ್ಸೈಡ್ 24, ಗಾಳಿಯ ಬಿಸಿ ಏರಿಕೆ 29 ಡಿಗ್ರಿ. ಹಾಳೆಯ ಬುಡದಲ್ಲಿ ಬಂದವರು ತಮ್ಮ ಕೈಯಾರೆ ಇನ್ನೊಂದು ಸಾಲು ಸೇರಿಸಿದ್ದಾರೆ. ಮಹಡಿಯ ಅಲಾರಂ ತಿರುಗಿಸಿ ಹಿಂಬದಿ ನೋಡಿದ್ದರಂತೆ. ಅದರ ಅವಧಿ ಮುಗಿದು ಎಂಟು ತಿಂಗಳಾಗಿತ್ತು. ಇಷ್ಟೆಲ್ಲ ಅಳೆಸಿದ ನಾನು ಅದೊಂದನ್ನು ತಿರುಗಿಸಿ ನೋಡಿರಲೇ ಇಲ್ಲ.